ಕೆಲಸ ಮುಗಿಸಿ ಹೊರಟುಹೋಗುವ ದ್ರಾವಕ

ಮಾತ್ರೆ ನುಂಗಿದರಷ್ಟೇ ಸಾಲದು, ಔಷಧಿ ಮೈಗೆ ಹತ್ತಬೇಕಾದರೆ ಮೊದಲು ಕರಗಬೇಕು. ಎಷ್ಟೋ ಒಳ್ಳೆಯ ಔಷಧಿಗಳು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಅಂಥವನ್ನು ಒಲಿಸಿಕೊಳ್ಳುವ ಒಂದು ಉಪಾಯ, ಕಣವನ್ನು ಅತಿ ಸಣ್ಣದಾಗಿಸುವುದು. 100 ಮೈಕ್ರಾನ್‌ನ ಹರಳನ್ನು 100 ನ್ಯಾನೊಮೀಟರ್ ಚೂರುಗಳಾಗಿಸಿದರೆ ನೀರು ತಾಗುವ ಮೈ ಸಾವಿರ ಪಟ್ಟು ಹಿಗ್ಗುತ್ತದೆ.

ಇದಕ್ಕೊಂದು ದಾರಿ, ಔಷಧಿಯನ್ನು ದ್ರಾವಕದಲ್ಲಿ ಕರಗಿಸಿ ಮತ್ತೆ ಸಣ್ಣ ಕಣಗಳಾಗಿ ಬೇರ್ಪಡಿಸುವುದು. ಹೀಗೆ ಬಹುಕಾಲದಿಂದ ಬಳಸುತ್ತಿರುವ ದ್ರಾವಕಗಳಲ್ಲಿ ಡೈಕ್ಲೋರೊಮೀಥೇನ್ ಒಂದು. ವಿಷಕಾರಿ. ಔಷಧಿಯಲ್ಲಿ ಅದು ಹತ್ತು ಲಕ್ಷ ಪಾಲಿಗೆ 600 ಪಾಲು ಮೀರಬಾರದೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಾಮಾನ್ಯ ಮಿತಿ. ಕರಗಿಸುವುದಕ್ಕಿಂತ ಅದನ್ನು ಹೊರಹಾಕುವುದೇ ದೊಡ್ಡ ಪಾಡು.

ಇಲ್ಲಿ ನೆರವಿಗೆ ಬರುವುದು ಇಂಗಾಲದ ಡೈಆಕ್ಸೈಡ್. 31 ಡಿಗ್ರಿ ಸೆಲ್ಸಿಯಸ್ ಮತ್ತು ವಾತಾವರಣದ ಸುಮಾರು 73 ಪಟ್ಟು ಒತ್ತಡ ದಾಟಿದರೆ ಅದು ದ್ರವವೂ ಅಲ್ಲ, ಅನಿಲವೂ ಅಲ್ಲ. ದ್ರವದಂತೆ ಕರಗಿಸಿಕೊಳ್ಳುತ್ತದೆ, ಅನಿಲದಂತೆ ಎಲ್ಲೆಡೆ ನುಸುಳುತ್ತದೆ. ಇಂಥ ಸ್ಥಿತಿಯೊಂದಿದೆ ಎಂದು 1822ರಲ್ಲಿ ಕಂಡುಕೊಂಡವನು ಫ್ರಾನ್ಸಿನ ಕನ್ಯಾರ್ ದ ಲಾ ತೂರ್. ಮುಚ್ಚಿದ ಫಿರಂಗಿ ನಳಿಕೆಯಲ್ಲಿ ದ್ರವ ಕಾಯಿಸಿ, ಒಳಗೆ ಉರುಳುವ ಕಲ್ಲುಗುಂಡಿನ ಸದ್ದು ಬದಲಾದದ್ದನ್ನು ಕಿವಿಗೊಟ್ಟು ಕೇಳಿದ್ದ! 31 ಡಿಗ್ರಿ ಎಂದರೆ ನಮ್ಮ ಮೈಬಿಸಿಗಿಂತಲೂ ಕಡಿಮೆ. ಶಾಖ ತಾಳದ ಔಷಧಿಗಳಿಗೆ ಇದು ವರ.

ಕೈಚಳಕವೆಲ್ಲ ಇರುವುದು ಯಂತ್ರದ ಮೂತಿಯಲ್ಲಿ. ಔಷಧಿ ಕರಗಿಸಿಕೊಂಡ ಇಂಗಾಲದ ಡೈಆಕ್ಸೈಡನ್ನು ಕೂದಲೆಳೆಯಷ್ಟು ಸಣ್ಣ ರಂಧ್ರದಿಂದ ಹೊರಬಿಡುತ್ತಾರೆ. ಒತ್ತಡ ಕುಸಿದ ಕ್ಷಣವೇ ಅದರ ಕರಗಿಸುವ ಶಕ್ತಿ ಹೋಗುತ್ತದೆ. ಔಷಧಿಗೆ ದೊಡ್ಡ ಹರಳಾಗಿ ಬೆಳೆಯಲು ಪುರುಸೊತ್ತೇ ಸಿಗದೆ ಲೆಕ್ಕವಿಲ್ಲದಷ್ಟು ಸಣ್ಣ ಕಣಗಳಾಗಿ ಉದುರುತ್ತದೆ. ದ್ರಾವಕ ಅನಿಲವಾಗಿ ಹೊರಟುಹೋಗುತ್ತದೆ, ತೊಳೆಯುವುದಿಲ್ಲ, ಒಣಗಿಸುವುದಿಲ್ಲ. ಆದರೆ ಹಿಗ್ಗುವ ಅನಿಲ ವಿಪರೀತ ತಣ್ಣಗಾಗಿ ಮೂತಿ ಹೆಪ್ಪುಗಟ್ಟುವುದರಿಂದ ಅದನ್ನು ಕಾಯಿಸುತ್ತಲೇ ಇರಬೇಕು. ಕಣಗಳು ಒಂದಕ್ಕೊಂದು ಅಂಟದಿರಲೆಂದು ಕೆಲವರು ಸ್ಥಿರಕಾರಿ ಬೆರೆಸಿದ ನೀರಿನೊಳಕ್ಕೇ ಚಿಮ್ಮಿಸುತ್ತಾರೆ. ನನಗೆ ಬಹಳ ಮೆಚ್ಚುಗೆಯಾದ ಜಾಣ್ಮೆ ಇದು.

ಎಲ್ಲ ಔಷಧಿಯೂ ಇಂಗಾಲದ ಡೈಆಕ್ಸೈಡಿನಲ್ಲಿ ಕರಗುವುದಿಲ್ಲ. ಯಾವುದು, ಎಷ್ಟು ಒತ್ತಡದಲ್ಲಿ, ಎಷ್ಟು ಕರಗುತ್ತದೆಂದು ಒಂದೊಂದನ್ನೂ ಅಳೆದೇ ತಿಳಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್ ಮತ್ತು ಅವರ ಶಿಷ್ಯರು ಇಂಥ ಅಳತೆಗಳನ್ನು ತಾಳ್ಮೆಯಿಂದ ಮಾಡಿದ್ದಾರೆ. ಕರಗದ ಔಷಧಿಗೆ ವಿಧಾನವನ್ನೇ ತಿರುಗಿಸುತ್ತಾರೆ: ಅದನ್ನು ಬೇರೆ ದ್ರಾವಕದಲ್ಲಿ ಕರಗಿಸಿ ಇಂಗಾಲದ ಡೈಆಕ್ಸೈಡಿನೊಳಕ್ಕೆ ಸಿಂಪಡಿಸಿದರೆ, ದ್ರಾವಕವನ್ನು ಅದು ಸೆಳೆದುಕೊಂಡು ಔಷಧಿಯನ್ನು ಪುಡಿಯಾಗಿ ಉಳಿಸುತ್ತದೆ. ಆಗ ದ್ರಾವಕ ಪೂರ್ತಿ ತಪ್ಪುವುದಿಲ್ಲ, ಪಂಪುಗಳಿಗೆ ವಿದ್ಯುತ್ತೂ ಬೇಕು. ಆದರೆ ಒತ್ತಡ ಇಳಿಸಿದರೆ ಎರಡೂ ಬೇರೆಯಾಗುತ್ತವೆ, ದ್ರಾವಕ ತಳದಲ್ಲಿ ಸಿಗುತ್ತದೆ, ಅನಿಲವನ್ನು ಮತ್ತೆ ಒತ್ತಿ ಅದೇ ಪಾತ್ರೆಗೆ ಕಳಿಸಬಹುದು.