ಎರಡು ಅಂಗೈಯಗಲದ ಆಸರೆ
ಮೋಟಾರ್ ಸೈಕಲ್ಲಿನ ದೂರ ಪ್ರಯಾಣಕ್ಕೆ ಭೌತವಿಜ್ಞಾನ ಹೇಳುವ ಮಾತು

೧೮೮೫ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೈಬಾಖ್ ಎಂಬ ಯಂತ್ರಶಿಲ್ಪಿಗಳು ಮರದ ಚೌಕಟ್ಟಿನ ದ್ವಿಚಕ್ರ ವಾಹನವೊಂದಕ್ಕೆ ಪೆಟ್ರೋಲ್ ಎಂಜಿನನ್ನು ಜೋಡಿಸಿದರು. ಅದು ಮಗುಚಿ ಬೀಳದಂತೆ ಎರಡು ಪಕ್ಕಗಳಲ್ಲಿಯೂ ಒಂದೊಂದು ಪುಟ್ಟ ಚಕ್ರವನ್ನು ಇಟ್ಟಿದ್ದರು. ಮುಂದೆ ಬಂದ ಮೋಟಾರ್ ಸೈಕಲ್ಲುಗಳಲ್ಲಿ ಆ ಪುಟ್ಟ ಚಕ್ರಗಳು ಮಾಯವಾದವು. ಅವು ಯಾವ ಅಪಾಯವನ್ನು ತಡೆಯಲೆಂದು ಹುಟ್ಟಿದ್ದವೋ ಆ ಅಪಾಯ ಮಾತ್ರ ಇಂದಿಗೂ ಉಳಿದಿದೆ.

ಇಂದು ನಮ್ಮ ನಾಡಿನ ಎಷ್ಟೋ ಮಂದಿ ಬೆಂಗಳೂರಿನಿಂದ ಘಟ್ಟವಿಳಿದು ಕರಾವಳಿಗೆ, ಕೆಲವರು ದೇಶದ ಉದ್ದಕ್ಕೂ ಸಾಗಿ ಲಡಾಖಿನ ಲೇಹ್ ಪಟ್ಟಣಕ್ಕೆ, ಮೋಟಾರ್ ಸೈಕಲ್ಲಿನಲ್ಲಿಯೇ ಹೋಗಿಬರುತ್ತಾರೆ. ಅಂಥವರಿಗೆ ಬುದ್ಧಿವಾದ ಹೇಳುವವರಿಗೇನೂ ಕೊರತೆಯಿಲ್ಲ. ಆದರೆ ‘ಹೀಗೆ ಮಾಡು’ ಎಂಬ ಮಾತು ಮರೆತುಹೋಗುತ್ತದೆ. ‘ಏಕೆ ಮಾಡಬೇಕು’ ಎಂದು ತಿಳಿದದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಆದಕಾರಣ ಈ ಪ್ರಯಾಣದ ಮುಖ್ಯ ನಿಯಮಗಳ ಹಿಂದಿರುವ ಕಾರಣಗಳನ್ನು ಇಲ್ಲಿ ವಿಚಾರಿಸೋಣ.

ನೆಲದೊಡನೆ ಇರುವ ನಂಟು

ಗಾಡಿ, ಸವಾರ, ಸಾಮಾನು ಎಲ್ಲ ಸೇರಿ ೩೦೦ ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ ೨೯ ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ೨ ಕಿಲೋಗ್ರಾಂ. ಭಾರವನ್ನು ಒತ್ತಡದಿಂದ ಭಾಗಿಸಿದರೆ ೧೫೦ ಚದರ ಸೆಂಟಿಮೀಟರು ಬರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಎರಡು ಟೈರುಗಳೂ ಸೇರಿ ನೆಲವನ್ನು ಮುಟ್ಟಿರುವ ಜಾಗ ಅಷ್ಟೇ. ಬೆರಳುಗಳನ್ನು ಬಿಟ್ಟರೆ ಎರಡು ಅಂಗೈಗಳ ವಿಸ್ತಾರ! ಗಾಡಿಯನ್ನು ಮುಂದಕ್ಕೆ ದೂಡುವುದು, ತಡೆದು ನಿಲ್ಲಿಸುವುದು, ತಿರುವಿನಲ್ಲಿ ಒಳಕ್ಕೆ ಎಳೆಯುವುದು ಇವೆಲ್ಲವೂ ಈ ಎರಡು ಅಂಗೈಯಗಲದಲ್ಲಿ ನಡೆಯುವ ಘರ್ಷಣೆಯ ಕೆಲಸ. ಈ ಘರ್ಷಣೆಗೆ ಒಂದು ಮಿತಿಯುಂಟು. ಆ ಮಿತಿಯನ್ನು ಪೂರ್ತಿ ಬಳಸದೆ ಸದಾ ಸ್ವಲ್ಪ ಮಿಗಿಸಿಕೊಂಡಿರುವುದೇ ದೂರ ಪ್ರಯಾಣದ ಸಾರ.

ಟೈರಿನ ಗಾಳಿಯನ್ನು ಬೆಳಿಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡತಕ್ಕದ್ದು. ಓಡಿದ ಟೈರು ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯ ಒತ್ತಡ ಏರುತ್ತದೆ. ಬೆಳಿಗ್ಗೆ ೨೫ ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ ಮಧ್ಯಾಹ್ನದ ವೇಳೆಗೆ ೫೫ ಡಿಗ್ರಿಗೆ ಏರಿದರೆ, ೨೯ ಪೌಂಡು ತೋರಿಸುತ್ತಿದ್ದ ಮಾಪಕ ೩೩ ಪೌಂಡು ತೋರಿಸುತ್ತದೆ. ‘ಗಾಳಿ ಹೆಚ್ಚಾಯಿತು’ ಎಂದು ಅದನ್ನು ಬಿಟ್ಟವನು ಸಂಜೆಯ ತಂಪಿನಲ್ಲಿ ಗಾಳಿ ಸಾಲದ ಟೈರಿನ ಮೇಲೆ ಕುಳಿತಿರುತ್ತಾನೆ. ಗಾಳಿ ಸಾಲದ ಟೈರಿನ ಪಕ್ಕಗಳು ಸುತ್ತು ಸುತ್ತಿಗೂ ಬಾಗಿ ನೆಟ್ಟಗಾಗಿ ಒಳಗಿನಿಂದಲೇ ಕಾಯುತ್ತವೆ. ಭಾರ ಹೇರಿ ವೇಗವಾಗಿ ಹೋಗುವಾಗ ಟೈರು ಹಾಳಾಗುವುದಕ್ಕೆ ಇದೊಂದು ದೊಡ್ಡ ಕಾರಣ. ಹಿಂದೆ ಜೊತೆಗಾರನೂ ಸಾಮಾನೂ ಇದ್ದಾಗ ಎಷ್ಟು ಒತ್ತಡ ಬೇಕೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ, ಅದನ್ನು ಅನುಸರಿಸಬೇಕು.

ಹೊರೆಯನ್ನು ಎಲ್ಲಿ ಇಡಬೇಕು?

ಸಾಮಾನು ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಹಿಂದಿನ ಚಕ್ರದ ಅಚ್ಚಿಗಿಂತ ೩೦ ಸೆಂಟಿಮೀಟರು ಹಿಂದಕ್ಕೆ ೧೫ ಕಿಲೋಗ್ರಾಂ ತೂಕದ ಮೂಟೆಯನ್ನು ಕಟ್ಟಿದೆವೆನ್ನಿ. ಎರಡು ಅಚ್ಚುಗಳ ನಡುವಣ ಅಂತರ ೧೩೫ ಸೆಂಟಿಮೀಟರಾದರೆ, ಸನ್ನೆಗೋಲಿನ ನಿಯಮದಂತೆ ಆ ಮೂಟೆ ಮುಂದಿನ ಚಕ್ರದ ಮೇಲಿನ ಭಾರವನ್ನು ೩ ಕಿಲೋಗ್ರಾಂಗಿಂತ ಹೆಚ್ಚಾಗಿ ಕಡಮೆ ಮಾಡುತ್ತದೆ. ದಾರಿ ತೋರುವ ಚಕ್ರವೇ ಹಗುರವಾದರೆ ಹಿಡಿ ಅಲುಗಾಡುತ್ತದೆ, ತಿರುವಿನಲ್ಲಿ ಹಿಡಿತ ಸಡಿಲುತ್ತದೆ. ಆದ್ದರಿಂದ ಭಾರವಾದ ವಸ್ತುಗಳನ್ನು ಎರಡು ಚಕ್ರಗಳ ನಡುವೆ, ಆದಷ್ಟು ಕೆಳಗೆ, ಎಡಬಲಗಳಲ್ಲಿ ಸಮನಾಗಿ ಇಳಿಬಿಟ್ಟ ಜೋಡು ಚೀಲಗಳಲ್ಲಿ ಇಡಬೇಕು. ಹಿಂದಿನ ತುದಿಗೆ ಹೊದಿಕೆ, ಮಳೆಯಂಗಿಗಳಂಥ ಹಗುರವಾದವು ಸಾಕು. ಕಟ್ಟಿದ ಹಗ್ಗದ ತುದಿ ಚಕ್ರಕ್ಕಾಗಲಿ ಸರಪಳಿಗಾಗಲಿ ಸಿಕ್ಕದಂತೆ ಬಿಗಿದಿರಬೇಕು.

ಹತ್ತು ಕಿಲೋಮೀಟರಿನ ಬೆಲೆ

ಈಗ ಅತ್ಯಂತ ಮುಖ್ಯವಾದ ಲೆಕ್ಕಕ್ಕೆ ಬರೋಣ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಶಾಲೆಯಲ್ಲಿ ಓದಿರುತ್ತೇವೆ. ರಸ್ತೆಯ ಮೇಲೆ ಅದರ ಅರ್ಥವೇನು?

ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಸವಾರನೊಬ್ಬನಿಗೆ ಅಡ್ಡಬಂದ ಎಮ್ಮೆಯೊಂದು ಕಾಣಿಸಿತು. ಕಂಡದ್ದು ಮನಸ್ಸಿಗೆ ಹೊಳೆದು ಕೈಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ಗಾಡಿ ಸುಮಾರು ೧೭ ಮೀಟರು ಮುಂದೆ ಹೋಗಿರುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ ೭ ಮೀಟರಿನಂತೆ ತಗ್ಗಿಸಿದರೆ, ನಿಲ್ಲಲು ಮತ್ತೆ ೨೦ ಮೀಟರು ಬೇಕು. ಒಟ್ಟು ಸುಮಾರು ೩೭ ಮೀಟರು. ಎಮ್ಮೆ ಅಷ್ಟೇ ದೂರದಲ್ಲಿದ್ದರೆ ಸವಾರ ಅದರ ಮುಂದೆಯೇ ನಿಂತು ಬೆವರು ಒರೆಸಿಕೊಳ್ಳಬಹುದು.

ಅದೇ ಸ್ಥಳದಲ್ಲಿ ಅದೇ ಎಮ್ಮೆಯನ್ನು ಕಂಡ ಇನ್ನೊಬ್ಬನ ವೇಗ ೭೦ ಕಿಲೋಮೀಟರು. ಮೊದಲನೆಯವನು ನಿಂತ ಜಾಗದಲ್ಲಿ ಇವನು ಇನ್ನೂ ೪೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿರುತ್ತಾನೆ. ೯೦ ಕಿಲೋಮೀಟರಿನಲ್ಲಿ ಬಂದವನು ಅದೇ ಜಾಗವನ್ನು ೭೫ಕ್ಕಿಂತ ಹೆಚ್ಚಿನ ವೇಗದಲ್ಲಿ ಅಪ್ಪಳಿಸುತ್ತಾನೆ. ಮಳೆ ಬಿದ್ದು ಘರ್ಷಣೆ ಕಡಮೆಯಾದಾಗಿನ ಮಾತನ್ನಂತೂ ಹೇಳಬೇಕಾಗಿಲ್ಲ. ಈ ಹತ್ತು ಕಿಲೋಮೀಟರುಗಳಿಂದ ದೊರೆಯುವ ಲಾಭವಾದರೂ ಎಷ್ಟು? ೩೦೦ ಕಿಲೋಮೀಟರುಗಳ ದಾರಿಯಲ್ಲಿ ೪೩ ನಿಮಿಷ. ಒಂದು ಊಟದ ಹೊತ್ತು.

ಬ್ರೇಕು ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ. ಆದ್ದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಅದಕ್ಕೆ ಹೆದರಿ ಹಿಂದಿನದನ್ನೇ ನಂಬುವುದು ತಪ್ಪು. ಎರಡನ್ನೂ ಹಂತಹಂತವಾಗಿ ಒತ್ತಬೇಕು. ನಮ್ಮ ದೇಶದಲ್ಲಿ ೨೦೧೯ರ ಏಪ್ರಿಲಿನಿಂದ ೧೨೫ ಸಿ.ಸಿ.ಗೆ ಮೀರಿದ ಹೊಸ ಗಾಡಿಗಳಿಗೆ ಕಡ್ಡಾಯವಾದ ಎ.ಬಿ.ಎಸ್. ವ್ಯವಸ್ಥೆ ಚಕ್ರ ಉರುಳುವುದನ್ನು ಬಿಟ್ಟು ಜಾರದಂತೆ ಕಾಯುತ್ತದೆ. ಆದರೆ ಅದು ಇರುವ ಘರ್ಷಣೆಯನ್ನು ಜಾಣತನದಿಂದ ಬಳಸುತ್ತದೆಯೇ ಹೊರತು ಇಲ್ಲದ ಘರ್ಷಣೆಯನ್ನು ಹುಟ್ಟಿಸಲಾರದು.

ಘಟ್ಟದ ತಿರುವುಗಳು

ತಿರುವಿನಲ್ಲಿಯೂ ಇದೇ ವರ್ಗದ ನಿಯಮ ಆಳುತ್ತದೆ. ೨೦ ಮೀಟರು ತ್ರಿಜ್ಯದ ತಿರುವನ್ನು ೪೦ ಕಿಲೋಮೀಟರು ವೇಗದಲ್ಲಿ ಹಾಯುವ ಗಾಡಿ ನೇರ ನಿಲುವಿನಿಂದ ಸುಮಾರು ೩೨ ಡಿಗ್ರಿ ವಾಲಬೇಕು. ವೇಗ ೫೦ ಆದರೆ ವಾಲಿಕೆ ೪೪ ಡಿಗ್ರಿ ದಾಟುತ್ತದೆ. ಆಗ ಬೇಕಾದ ಘರ್ಷಣಬಲ ಗಾಡಿಯ ತೂಕದಷ್ಟೇ ಆಗುತ್ತದೆ. ಸಾಮಾನು ಹೇರಿದ ಗಾಡಿಗೆ, ಮರಳು ಎಲೆ ಉದುರಿದ ಘಟ್ಟದ ರಸ್ತೆ ಅಷ್ಟನ್ನು ಒದಗಿಸಲಾರದು. ತಿರುವಿನಲ್ಲಿ ವಾಲಿರುವಾಗಲೇ ಬ್ರೇಕನ್ನು ಬಲವಾಗಿ ಒತ್ತಿದರೆ, ತಿರುಗುವುದಕ್ಕೂ ನಿಲ್ಲುವುದಕ್ಕೂ ಒಂದೇ ಘರ್ಷಣೆಯನ್ನು ಹಂಚಬೇಕಾಗುತ್ತದೆ. ಆದ್ದರಿಂದ ವೇಗವನ್ನು ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಇಳಿಸಿಕೊಳ್ಳಬೇಕು.

ಆಗುಂಬೆಯಂಥ ಘಾಟಿಯಲ್ಲಿ ೫೦೦ ಮೀಟರು ಕೆಳಗಿಳಿಯುವಾಗ ೩೦೦ ಕಿಲೋಗ್ರಾಂಗಳ ಗಾಡಿ ಬಿಟ್ಟುಕೊಡುವ ಶಕ್ತಿ ಸುಮಾರು ೩೫೦ ಕಿಲೋಕ್ಯಾಲೊರಿ. ನಾಲ್ಕೂವರೆ ಲೀಟರು ನೀರನ್ನು ಕುದಿಯ ಮಟ್ಟಕ್ಕೆ ತರಲು ಇಷ್ಟು ಸಾಕು! ಇದೆಲ್ಲವನ್ನೂ ಬ್ರೇಕುಗಳೇ ಹೀರಬೇಕಾದರೆ ಅವು ಕಾದು ಸೋಲುತ್ತವೆ. ಏರಲು ಯಾವ ಗೇರು ಬೇಕಾಗುತ್ತದೆಯೋ ಇಳಿಯಲೂ ಅದೇ ಗೇರನ್ನು ಹಾಕಿ, ಎಂಜಿನೇ ಗಾಡಿಯನ್ನು ತಡೆಯುವಂತೆ ಮಾಡಬೇಕು. ಪೆಟ್ರೋಲು ಉಳಿಸಲೆಂದು ಎಂಜಿನನ್ನು ಆರಿಸಿ ಇಳಿಯುವುದು ಬಹಳ ದುಬಾರಿಯ ಉಳಿತಾಯ.

ತಲೆಯ ರಕ್ಷಣೆ

೧೯೩೫ರ ಮೇ ತಿಂಗಳಲ್ಲಿ ‘ಅರೇಬಿಯದ ಲಾರೆನ್ಸ್’ ಎಂದು ಖ್ಯಾತನಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಮೋಟಾರ್ ಸೈಕಲ್ಲಿನಿಂದ ಬಿದ್ದನು. ತಲೆಗೆ ಶಿರಸ್ತ್ರಾಣವಿರಲಿಲ್ಲ. ಆರು ದಿನಗಳ ಬಳಿಕ ತೀರಿಕೊಂಡನು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಒಬ್ಬರಾದ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್, ಇಂಥ ಸವಾರರ ತಲೆಯ ಗಾಯಗಳನ್ನು ಅಭ್ಯಸಿಸಿ ೧೯೪೧ರಲ್ಲಿ ಲೇಖನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು.

ಶಿರಸ್ತ್ರಾಣದ ಗುಟ್ಟು ಅದರ ಹೊರಚಿಪ್ಪಿನಲ್ಲಿ ಮಾತ್ರವಲ್ಲ, ಒಳಗಿನ ಗಟ್ಟಿ ನೊರೆಯ ಪದರದಲ್ಲಿದೆ. ಒಂದೂವರೆ ಮೀಟರು ಎತ್ತರದಿಂದ ಬಿದ್ದ ತಲೆ ನೆಲವನ್ನು ಗಂಟೆಗೆ ಸುಮಾರು ೨೦ ಕಿಲೋಮೀಟರು ವೇಗದಲ್ಲಿ ಮುಟ್ಟುತ್ತದೆ. ಬರಿಯ ತಲೆ ಎರಡೂವರೆ ಮಿಲಿಮೀಟರಿನೊಳಗೆ ನಿಂತರೆ ಅದರ ಮೇಲಿನ ಆಘಾತ ಗುರುತ್ವದ ೬೦೦ ಪಟ್ಟು. ನೊರೆ ಕುಸಿದು ೨೫ ಮಿಲಿಮೀಟರಿನಲ್ಲಿ ನಿಲ್ಲಿಸಿದರೆ ೬೦ ಪಟ್ಟು. ಹತ್ತರಲ್ಲಿ ಒಂದು ಪಾಲು! ಒಮ್ಮೆ ಕುಸಿದ ನೊರೆ ಮತ್ತೆ ಉಬ್ಬುವುದಿಲ್ಲ. ಅಪಘಾತದಲ್ಲಿ ಪೆಟ್ಟು ತಿಂದ ಶಿರಸ್ತ್ರಾಣ ಹೊರಗೆ ಹೊಸದರಂತಿದ್ದರೂ ಅದನ್ನು ಬದಲಿಸಬೇಕು. ಗದ್ದದ ಪಟ್ಟಿಯನ್ನು ಬಿಗಿಯದೆ ಇಟ್ಟುಕೊಂಡದ್ದು ತಲೆಗಿಂತ ಮೊದಲೇ ಹಾರಿಹೋಗುತ್ತದೆ.

ಸವಾರನೆಂಬ ಯಂತ್ರ

ಯಂತ್ರಕ್ಕೆ ಎಣ್ಣೆ ನೋಡುವವನು ತನಗೆ ನೀರು ಬೇಕೆಂಬುದನ್ನು ಮರೆಯುತ್ತಾನೆ. ಚರ್ಮದ ಮೇಲಿನಿಂದ ಒಂದು ಲೀಟರು ಬೆವರು ಆವಿಯಾಗಲು ಸುಮಾರು ೫೮೦ ಕಿಲೋಕ್ಯಾಲೊರಿ ಉಷ್ಣ ಬೇಕು. ದೇಹ ತಂಪಾಗಿರುವುದು ಇದರಿಂದಲೇ. ಓಡುವ ಗಾಡಿಯ ಮೇಲೆ ಗಾಳಿಗೆ ಬೆವರು ಕೂಡಲೇ ಆರುವುದರಿಂದ, ಅದು ಹೋದದ್ದೇ ತಿಳಿಯುವುದಿಲ್ಲ. ಏಪ್ರಿಲ್‌-ಮೇ ತಿಂಗಳ ರಾಯಚೂರು, ಕಲಬುರಗಿಗಳ ಕಡೆ ಗಾಳಿಯೇ ೪೦ ಡಿಗ್ರಿ ದಾಟಿದಾಗ, ಅದು ೩೫ ಡಿಗ್ರಿಯ ಚರ್ಮಕ್ಕೆ ತಂಪನ್ನಲ್ಲ, ಬಿಸಿಯನ್ನೇ ಕೊಡುತ್ತದೆ. ಆಗ ಅಂಗಿಯ ಗುಂಡಿ ಬಿಚ್ಚುವುದಕ್ಕಿಂತ ಮೈತುಂಬ ಬಟ್ಟೆ ಧರಿಸಿ, ಗಂಟೆಗೊಮ್ಮೆ ನಿಂತು ನೀರು, ಮಜ್ಜಿಗೆ ಕುಡಿಯುವುದು ಮೇಲು.

ದಣಿವು ಇನ್ನೂ ಮೋಸಗಾರ. ೮೦ ಕಿಲೋಮೀಟರು ವೇಗದಲ್ಲಿ ಎರಡು ಸೆಕೆಂಡು ತೂಕಡಿಸಿದವನು ಕಣ್ಣು ಮುಚ್ಚಿಕೊಂಡು ೪೪ ಮೀಟರು ಹೋಗಿರುತ್ತಾನೆ. ಮಧ್ಯಾಹ್ನದ ಊಟದ ನಂತರ ಮತ್ತು ಬೆಳಗಿನ ಜಾವ ನಿದ್ರೆ ಬಲವಾಗಿ ಎಳೆಯುವ ಹೊತ್ತು. ಅದಕ್ಕೆ ನಿಜವಾದ ಮದ್ದು ನಿದ್ರೆಯೊಂದೇ. ರಾತ್ರಿಯಲ್ಲಿ ದೀಪದ ಬೆಳಕು ಮುಟ್ಟುವಷ್ಟು ದೂರದೊಳಗೆ ನಿಲ್ಲಲಾಗದ ವೇಗ ಕುರುಡನ ಓಟವೇ ಸರಿ. ದೂರ ಪ್ರಯಾಣದಲ್ಲಿ ಕತ್ತಲಿಗೆ ಮುಂಚೆ ತಂಗುವುದೇ ಲೇಸು.

ಎತ್ತರದ ದಾರಿ

ಲಡಾಖಿಗೆ ಹೊರಟವರಿಗೆ ಇನ್ನೊಂದು ಮಾತು. ಮನಾಲಿ–ಲೇಹ್ ದಾರಿಯ ತಂಗ್‌ಲಾಂಗ್ ಕಣಿವೆ ೫,೩೦೦ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ವಾಯುವಿನ ಒತ್ತಡ ಸಮುದ್ರಮಟ್ಟದ ಒತ್ತಡದ ಅರ್ಧಕ್ಕಿಂತ ತುಸುವೇ ಹೆಚ್ಚು. ಎಂಜಿನಿಗೂ ಶ್ವಾಸಕೋಶಕ್ಕೂ ಸಿಗುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎಂಜಿನು ಬಲಗುಂದಿದರೂ ಕೆಳಗಿಳಿದಾಗ ಸರಿಹೋಗುತ್ತದೆ. ದೇಹಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ೩,೦೦೦ ಮೀಟರು ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಲಹೆ. ಸುಮಾರು ೨,೦೦೦ ಮೀಟರಿನ ಮನಾಲಿಯಿಂದ ಒಂದೇ ದಿನದಲ್ಲಿ ೪,೨೦೦ ಮೀಟರಿಗೂ ಮೇಲಿರುವ ಸರ್ಚುವಿಗೆ ಹೋಗಿ ಮಲಗುವವರು ಇದನ್ನು ಮರೆತಿರುತ್ತಾರೆ. ಶ್ರೀನಗರ, ಕಾರ್ಗಿಲ್‌ಗಳ ಮೂಲಕ ಹೋಗುವ ದಾರಿ ಈ ದೃಷ್ಟಿಯಿಂದ ಸೌಮ್ಯವಾದದ್ದು. ತಲೆನೋವು, ವಾಕರಿಕೆ ಕಂಡರೆ ಮುಂದೆ ಏರಬಾರದು. ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು. ಇಲ್ಲಿ ಧೈರ್ಯ ತೋರಿಸಿ ಪ್ರಾಣ ಕಳೆದುಕೊಂಡವರುಂಟು.

ಟೈರಿನ ಹಿಡಿತ, ಬ್ರೇಕಿನ ದೂರ, ದೇಹದ ನೀರು, ಹಗಲಿನ ಬೆಳಕು, ಎದೆಯ ಉಸಿರು ಎಲ್ಲಕ್ಕೂ ಒಂದೊಂದು ಮಿತಿಯಿದೆ. ದಾರಿಯಲ್ಲಿ ಎಮ್ಮೆ ಯಾವಾಗ ಅಡ್ಡಬರುವುದೆಂದು ಯಾವ ಶಾಸ್ತ್ರವೂ ಹೇಳಲಾರದು. ಅದು ಬಂದಾಗ ನಮ್ಮ ಬಳಿ ಎಷ್ಟು ಉಳಿದಿರಬೇಕೆಂಬುದನ್ನು ಮಾತ್ರ ಭೌತವಿಜ್ಞಾನ ಮುಂಚೆಯೇ ಲೆಕ್ಕ ಹಾಕಿ ಕೊಡುತ್ತದೆ. ಹೊರಡುವ ಮುನ್ನ ಅದನ್ನು ನೋಡಿಕೊಂಡು ಹೊರಡುವುದು ಸವಾರನ ಕೆಲಸ.