ಮಂಜುಗಡ್ಡೆಯ ಕೆಳಗಿನ ಕುರೂಪಿ: ಬರ್ಬಟ್ ಮೀನು

ಉತ್ತರ ಅಮೆರಿಕ, ಯುರೋಪ್ ಹಾಗೂ ಸೈಬೀರಿಯಗಳ ಉತ್ತರ ಭಾಗದ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಗಾಳ ಇಳಿಸಿ ಮೀನು ಹಿಡಿಯುವುದು ಅಲ್ಲಿನ ಜನರ ರೂಢಿ. ಕತ್ತಲಾದ ಮೇಲೆ ಗಾಳ ಹಾಕಿದವರಿಗೆ ಕೆಲವೊಮ್ಮೆ ವಿಚಿತ್ರ ಮೀನೊಂದು ಸಿಗುತ್ತದೆ. ಚಪ್ಪಟೆ ತಲೆ, ಅಗಲ ಬಾಯಿ, ಲೋಳೆ ಮೆತ್ತಿದ ಮೈ, ಹಾವಿನಂತೆ ನುಲಿಯುವ ಬಾಲ. ಕೊಕ್ಕೆ ಬಿಡಿಸಲು ಹೋದರೆ ಕೈಗೇ ಸುತ್ತಿಕೊಳ್ಳುತ್ತದೆ! ಅಸಹ್ಯಪಟ್ಟು ಅದನ್ನು ಮಂಜಿನ ಮೇಲೆ ಎಸೆದು ಹೋಗುವವರೂ ಇದ್ದಾರೆ. ಆದರೆ ಫಿನ್ಲೆಂಡಿನಲ್ಲಿ ಇದೇ ಮೀನಿನ ಸೂಪು ಚಳಿಗಾಲದ ವಿಶೇಷ ಅಡುಗೆ. ಅಮೆರಿಕದಲ್ಲಿ ಇದರ ರುಚಿ ಬಲ್ಲವರು ಇದನ್ನು 'ಬಡವರ ಲಾಬ್‌ಸ್ಟರ್' ಎನ್ನುತ್ತಾರೆ.

ಈ ಮೀನಿನ ಹೆಸರು ಬರ್ಬಟ್. ವೈಜ್ಞಾನಿಕ ನಾಮ ಲೋಟ ಲೋಟ. ಸ್ಥಳದಿಂದ ಸ್ಥಳಕ್ಕೆ ಈಲ್‌ಪೌಟ್, ಲಿಂಗ್, ಲಾಯರ್ ಎಂದೆಲ್ಲ ಕರೆಯುತ್ತಾರೆ. ರಷ್ಯನ್ನರಿಗೆ ಇದು ನಲೀಮ್. 1758ರಲ್ಲಿ ಲಿನೇಯಸ್ ಇದನ್ನು ಕಾಡ್ ಮೀನುಗಳ ಜೊತೆ ಸೇರಿಸಿ ಹೆಸರಿಸಿದ. ಕಾಡ್‌ನ ಬಳಗವೆಲ್ಲ ಹೆಚ್ಚುಕಡಿಮೆ ಸಮುದ್ರವಾಸಿ. ಅದರಲ್ಲಿ ಸಿಹಿನೀರಿನ ಪ್ರಭೇದ ಎನ್ನಬಹುದಾದುದು ಇದೊಂದೇ. ಭಾರತದ ಕೆರೆ, ನದಿಗಳಲ್ಲಿ ಇದು ಇಲ್ಲ.

ಗುರುತಿಸುವುದು ಹೇಗೆ?

ಇಷ್ಟೊಂದು ಹೆಸರುಗಳಿರುವಾಗ ಹೆಸರನ್ನು ನಂಬಿ ಮೀನನ್ನು ಗುರುತಿಸಲಾಗದು. ದೇಹದ ಲಕ್ಷಣಗಳನ್ನೇ ನೋಡಬೇಕು. ಮುಖ್ಯವಾದವು ಐದು.

1. ಗಲ್ಲದ ನಟ್ಟನಡುವೆ ಒಂದೇ ಒಂದು ಮೀಸೆ. ಇದು ಎಲ್ಲಕ್ಕಿಂತ ಸುಲಭದ ಗುರುತು.
2. ಬೆನ್ನಿನ ಮೇಲೆ ಎರಡು ಈಜುರೆಕ್ಕೆಗಳು. ಮೊದಲನೆಯದು ಗಿಡ್ಡ. ಎರಡನೆಯದು ಬಾಲದ ಬುಡದವರೆಗೂ ಚಾಚಿದ ಉದ್ದನೆಯ ಪಟ್ಟಿ.
3. ಹೊಟ್ಟೆಯ ಕೆಳಗೆ ಅದಕ್ಕೆ ಸರಿಜೋಡಿಯಾಗಿ ಉದ್ದವಾದ ಗುದ ಈಜುರೆಕ್ಕೆ. ಬಾಲದ ರೆಕ್ಕೆಯ ಅಂಚು ದುಂಡಗೆ.
4. ಸಾಮಾನ್ಯವಾಗಿ ಹೊಟ್ಟೆಯ ಬಳಿ ಇರಬೇಕಾದ ಜೋಡಿ ಈಜುರೆಕ್ಕೆಗಳು ಇದರಲ್ಲಿ ಕೊರಳಿನ ಅಡಿಗೆ, ಎದೆಯ ರೆಕ್ಕೆಗಳಿಗಿಂತಲೂ ಮುಂದಕ್ಕೆ ಸರಿದಿವೆ.
5. ಚರ್ಮದಲ್ಲಿ ಹುದುಗಿದ ಅತಿಸಣ್ಣ ಹುರುಪೆಗಳು. ಹಳದಿ-ಕಂದು ಮೈಮೇಲೆ ಕಪ್ಪು ಮಚ್ಚೆಗಳ ಚಿತ್ತಾರ.

ಇವನ್ನು ತಿಳಿದರೆ ಗೊಂದಲವಿಲ್ಲ. ಕ್ಯಾಟ್‌ಫಿಶ್‌ಗೂ ಮೀಸೆ ಇದೆ, ಆದರೆ ಒಂದಲ್ಲ, ಹಲವು. ಈಲ್ ಹಾವಿನಂತೆಯೇ ಇದ್ದರೂ ಅದಕ್ಕೆ ಹೊಟ್ಟೆಯ ಜೋಡಿ ರೆಕ್ಕೆಗಳಿಲ್ಲ. ಬೋಫಿನ್ ಎಂಬ ಅಮೆರಿಕದ ಮೀನಿಗೆ ಬೆನ್ನುದ್ದಕ್ಕೂ ಒಂದೇ ಈಜುರೆಕ್ಕೆ. ಸ್ನೇಕ್‌ಹೆಡ್‌ಗೂ ಹಾಗೆಯೇ. ಇವೆರಡಕ್ಕೂ ಗಲ್ಲದ ಮೀಸೆಯಿಲ್ಲ.

ಸ್ನೇಕ್‌ಹೆಡ್ ನಮಗೆ ಅಪರಿಚಿತವೇನಲ್ಲ. ನಮ್ಮ ಕೆರೆಗಳಲ್ಲಿ ಸಿಗುವ ಮುರ್ರೆಲ್ ಮೀನುಗಳು ಅದೇ ಕುಟುಂಬದವು. ಅವುಗಳ ಸಂಬಂಧಿಯಾದ ಪೂರ್ವ ಏಷ್ಯದ ಉತ್ತರದ ಸ್ನೇಕ್‌ಹೆಡ್ 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೊಳವೊಂದರಲ್ಲಿ ಕಾಣಿಸಿಕೊಂಡು ಗಾಬರಿ ಹುಟ್ಟಿಸಿತು. ಸ್ಥಳೀಯ ಮೀನುಗಳಿಗೆ ಕುತ್ತು ತರಬಲ್ಲ ಅದನ್ನು ಕಂಡಲ್ಲಿ ಕೊಲ್ಲಿರೆಂಬ ಸೂಚನೆ ಹೊರಟಿತು. ಹೀಗಿರುವಾಗ ಗುರುತು ತಪ್ಪಿದರೆ ಸಾಯುವುದು ನಿರಪರಾಧಿ ಬರ್ಬಟ್. ಅಲ್ಲಿನ ಮೀನುಗಾರಿಕೆ ಇಲಾಖೆಗಳು ಈ ಮೀನುಗಳ ಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಹಾಕಿ ಹಂಚುವುದು ಇದಕ್ಕಾಗಿಯೇ.

ನಾಲ್ಕು ಡಿಗ್ರಿಯ ಮಹಿಮೆ

ಬರ್ಬಟ್‌ನ ಬದುಕು ಅರ್ಥವಾಗಬೇಕಾದರೆ ನೀರಿನ ಒಂದು ವಿಶೇಷ ಗುಣವನ್ನು ನೆನಪಿಸಿಕೊಳ್ಳಬೇಕು. ಹೆಚ್ಚಿನ ದ್ರವಗಳು ತಣ್ಣಗಾದಷ್ಟೂ ಕುಗ್ಗಿ ಸಾಂದ್ರವಾಗುತ್ತವೆ. ಸಿಹಿನೀರು ಹಾಗಲ್ಲ. ಅದರ ಸಾಂದ್ರತೆ ಗರಿಷ್ಠವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇನ್ನೂ ತಣ್ಣಗಾದರೆ ಅದು ಹಿಗ್ಗಿ ಹಗುರವಾಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ 0 ಡಿಗ್ರಿಗೆ ಹತ್ತಿರದ ನೀರು ಮೇಲೆ ನಿಂತು ಹೆಪ್ಪುಗಟ್ಟುತ್ತದೆ. ಆಳವಾದ ಸರೋವರದ ತಳದಲ್ಲಿ 4 ಡಿಗ್ರಿಯ ಆಸುಪಾಸಿನ ನೀರು ದ್ರವವಾಗಿಯೇ ಉಳಿಯುತ್ತದೆ. ಮೇಲಿನ ಮಂಜುಗಡ್ಡೆ ಹೊದಿಕೆಯಂತೆ ಶಾಖವನ್ನು ತಡೆಹಿಡಿಯುತ್ತದೆ.

ಈ ತಣ್ಣನೆಯ ಕತ್ತಲೆಯೇ ಬರ್ಬಟ್‌ನ ಲೋಕ. ಇತರ ಮೀನುಗಳು ಮಂಕಾಗಿರುವ ಕಾಲದಲ್ಲಿ ಇದು ಚುರುಕಾಗುತ್ತದೆ. ಬೆಳಕಿಲ್ಲದ ತಳದಲ್ಲಿ ಆಹಾರ ಹುಡುಕಲು ಗಲ್ಲದ ಮೀಸೆ ನೆರವಾಗುತ್ತದೆ. ಮಚ್ಚೆಗಳ ಬಣ್ಣ ಕಲ್ಲು-ಕೆಸರಿನ ನಡುವೆ ಮರೆಮಾಡುತ್ತದೆ. ನಾವು ಕುರೂಪವೆನ್ನುವುದು ಅದಕ್ಕೆ ಉಪಯುಕ್ತ ಸಲಕರಣೆ.

ಬಹುತೇಕ ಮೀನುಗಳು ನೀರು ಬೆಚ್ಚಗಾಗುವುದನ್ನು ಕಾದು ಮೊಟ್ಟೆಯಿಟ್ಟರೆ, ಬರ್ಬಟ್ ನಡುಚಳಿಗಾಲದಲ್ಲಿ, ಮಂಜುಗಡ್ಡೆಯ ಕೆಳಗೆ, ರಾತ್ರಿಯಲ್ಲಿ ಮೊಟ್ಟೆಯಿಡುತ್ತದೆ. ಹಲವು ಮೀನುಗಳು ಒಟ್ಟುಗೂಡಿ ಉಂಡೆಯಂತೆ ಹೊಸೆದುಕೊಳ್ಳುತ್ತವೆ. ದೊಡ್ಡ ಹೆಣ್ಣು ಮೀನೊಂದು ಹತ್ತು ಲಕ್ಷಕ್ಕೂ ಮೀರಿ ಮೊಟ್ಟೆಗಳನ್ನಿಡಬಲ್ಲದು. ಈ ಸಮಯದಲ್ಲಿ ಅವು ಸದ್ದನ್ನೂ ಮಾಡುತ್ತವೆ! ಕೆನಡಾದ ಸಂಶೋಧಕರು ಮಂಜುಗಡ್ಡೆಯ ಕೆಳಗೆ ಧ್ವನಿಗ್ರಾಹಕ ಇಳಿಸಿ ಮಾಡಿದ ಅಧ್ಯಯನವನ್ನು 2014ರಲ್ಲಿ ಪ್ರಕಟಿಸಿದರು. ಸುಮಾರು 100ರಿಂದ 600 ಹರ್ಟ್ಸ್ ಆವರ್ತಾಂಕದ ಈ ಸದ್ದು ಕೆಲವೊಮ್ಮೆ ನಿಧಾನವಾಗಿ ಬಡಿದಂತೆ, ಕೆಲವೊಮ್ಮೆ ಗುಂಯ್‌ಗುಡುವಂತೆ ಕೇಳಿಸುತ್ತದೆ. ಕತ್ತಲಲ್ಲಿ ಸಂಗಾತಿಯನ್ನು ಕಂಡುಕೊಳ್ಳಲು ಶಬ್ದಕ್ಕಿಂತ ಒಳ್ಳೆಯ ಸಾಧನ ಯಾವುದು?

ಅಣೆಕಟ್ಟಿನ ಬೆಚ್ಚನೆಯ ನೀರು

ತಣ್ಣೀರಿಗೆ ಹೀಗೆ ಒಗ್ಗಿಹೋದ ಜೀವಿಗೆ ಕೆಲವೇ ಡಿಗ್ರಿಗಳ ವ್ಯತ್ಯಾಸವೂ ಮಾರಕ. ಅಮೆರಿಕದ ಮೊಂಟಾನಾ, ಐಡಹೋ ರಾಜ್ಯಗಳಲ್ಲಿ ಹರಿಯುವ ಕೂಟನೈ ನದಿ ಇದಕ್ಕೆ ನಿದರ್ಶನ. 1970ರ ದಶಕದಲ್ಲಿ ಮೊಂಟಾನಾದ ಲಿಬಿ ಅಣೆಕಟ್ಟು ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ಚಳಿಗಾಲದಲ್ಲಿ ನದಿಯ ನೀರು 0 ಡಿಗ್ರಿಗೆ ಹತ್ತಿರವಾಗುತ್ತಿತ್ತು, ಹರಿವು ಮಂದವಾಗಿರುತ್ತಿತ್ತು. ಜಲಾಶಯದ ಆಳದಲ್ಲಿ ನಿಂತ ನೀರಾದರೋ ಅಷ್ಟು ತಣ್ಣಗಾಗದು. ಅದನ್ನು ವಿದ್ಯುತ್ತಿಗಾಗಿ ಚಳಿಗಾಲದಲ್ಲೇ ಹೆಚ್ಚಾಗಿ ಬಿಟ್ಟಾಗ ನದಿಯ ಉಷ್ಣತೆ, ಹರಿವು ಎರಡೂ ಏರಿದವು. ಬರ್ಬಟ್ ಸಂತತಿ ಕುಸಿಯಿತು. 1992ರಲ್ಲಿ ಐಡಹೋ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಕೂಟನೈ ಬುಡಕಟ್ಟು ಜನ, ಐಡಹೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಇತರರು ಸೇರಿ ಬರ್ಬಟ್ ಮರಿಗಳನ್ನು ಸಾಕಿ ನದಿಗೆ ಬಿಡುತ್ತ ಬಂದರು. 2019ರಲ್ಲಿ ಅಲ್ಲಿ ಮತ್ತೆ ಗಾಳ ಹಾಕಲು ಅನುಮತಿ ದೊರೆಯಿತು.

ಇಂಗ್ಲೆಂಡಿನಲ್ಲಿ ಹೀಗಾಗಲಿಲ್ಲ. ಅಲ್ಲಿ ಬರ್ಬಟ್ ಕೊನೆಯ ಬಾರಿ ದಾಖಲಾದದ್ದು 1969ರಲ್ಲಿ. ಇದಕ್ಕೆ ತದ್ವಿರುದ್ಧ ಕಥೆ ವಯೋಮಿಂಗ್, ಯೂಟಾ ರಾಜ್ಯಗಳ ಗ್ರೀನ್ ನದಿಯದು. ಅಲ್ಲಿಯದಲ್ಲದ ಬರ್ಬಟ್‌ಗಳನ್ನು ಯಾರೋ ಕಾನೂನುಬಾಹಿರವಾಗಿ ತಂದು ಬಿಟ್ಟರು. ಅವು ಸ್ಥಳೀಯ ಮೀನುಗಳನ್ನು ತಿಂದು ಬೆಳೆದವು. ಯೂಟಾದಲ್ಲಿ ಬರ್ಬಟ್ ಸಿಕ್ಕರೆ ಹಿಂದಕ್ಕೆ ಬಿಡಕೂಡದು, ಕೊಲ್ಲಬೇಕೆಂಬ ನಿಯಮ ಬಂತು. ಒಂದೇ ಮೀನು ಒಂದೆಡೆ ಕಾಪಾಡಬೇಕಾದದ್ದು, ಇನ್ನೊಂದೆಡೆ ತೊಲಗಿಸಬೇಕಾದದ್ದು! ಕೈಯಲ್ಲಿರುವುದು ಯಾವ ಮೀನೆಂದು ತಿಳಿದರೆ ಸಾಲದು, ಯಾವ ನೀರಿನಲ್ಲಿ ಸಿಕ್ಕಿತೆಂಬುದೂ ಮುಖ್ಯ.

ರುಚಿ ಮತ್ತು ಎಚ್ಚರಿಕೆ

ಬರ್ಬಟ್ ತನ್ನ ಕೊಬ್ಬನ್ನು ಮಾಂಸದಲ್ಲಿ ಅಲ್ಲ, ದೊಡ್ಡದಾದ ಯಕೃತ್ತಿನಲ್ಲಿ ಸಂಗ್ರಹಿಸುತ್ತದೆ. ಹಾಗಾಗಿ ಮಾಂಸ ಬೆಳ್ಳಗೆ, ಗಟ್ಟಿಯಾಗಿ, ಮೀನಿನ ವಾಸನೆ ಕಡಿಮೆಯಿದ್ದು ರುಚಿಯಾಗಿರುತ್ತದೆ. ಬೆನ್ನಿನ ಮಾಂಸದ ತುಂಡುಗಳನ್ನು ಉಪ್ಪು ನೀರಿನಲ್ಲಿ ಬೇಯಿಸಿ, ಕರಗಿಸಿದ ಬೆಣ್ಣೆಯಲ್ಲಿ ಅದ್ದಿ ತಿನ್ನುವುದೇ ಆ 'ಬಡವರ ಲಾಬ್‌ಸ್ಟರ್'. ಯಕೃತ್ತಿನ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ವಗಳಿವೆ. 1930ರ ದಶಕದಲ್ಲಿ ಮಿನ್ನೆಸೋಟದಲ್ಲಿ ಇದನ್ನು ಕಾಡ್‌ಲಿವರ್ ಎಣ್ಣೆಯಂತೆ ತಯಾರಿಸಿ ಮಾರುತ್ತಿದ್ದರು.

ಆದರೆ ಒಂದು ಎಚ್ಚರಿಕೆ. ಬರ್ಬಟ್‌ನ ದೇಹದಲ್ಲಿ ಮನುಷ್ಯರಿಗೆ ಅಂಟಬಲ್ಲ ಲಾಡಿಹುಳುವಿನ ಮರಿಗಳಿರಬಹುದು. ಮಾಂಸ, ಮೊಟ್ಟೆ, ಯಕೃತ್ತು ಯಾವುದನ್ನೂ ಹಸಿಯಾಗಿ ತಿನ್ನಬಾರದು. ಒಳಗಿನವರೆಗೂ 63 ಡಿಗ್ರಿ ತಲುಪುವಂತೆ ಬೇಯಿಸಬೇಕು, ಅಥವಾ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟು ಬಳಸಬೇಕು. ಇತರ ಮೀನುಗಳನ್ನು ತಿಂದು ಬದುಕುವ ಇದರಲ್ಲಿ ಪಾದರಸವೂ ಸಂಗ್ರಹವಾಗಬಹುದಾದ್ದರಿಂದ ಆಯಾ ಸರೋವರದ ಬಗ್ಗೆ ಸ್ಥಳೀಯ ಇಲಾಖೆ ನೀಡುವ ಸಲಹೆಯನ್ನು ನೋಡಿಕೊಳ್ಳಬೇಕು. ಇಷ್ಟು ಜಾಗ್ರತೆ ವಹಿಸಿದರೆ, ಮಂಜಿನ ಮೇಲೆ ಎಸೆದು ಹೋಗುತ್ತಿದ್ದ ಮೀನು ಒಂದು ಹೊತ್ತಿನ ಒಳ್ಳೆಯ ಊಟವಾಗುತ್ತದೆ.