ಗಣಕಯಂತ್ರದಲ್ಲಿ ಆಡಳಿತಾಧಿಕಾರ

ಗಣಕಯಂತ್ರದ ಖಾತೆಗಳು ಮುಖ್ಯವಾಗಿ ಎರಡು ಬಗೆಯವು. ಸಾಮಾನ್ಯ ಖಾತೆಯಿಂದ ಬಳಕೆದಾರನು ತನ್ನ ಕಡತಗಳನ್ನು ಮಾತ್ರ ತಿದ್ದಬಲ್ಲನು. ಆಡಳಿತಾಧಿಕಾರವುಳ್ಳ ಖಾತೆಯಿಂದ ಯಂತ್ರದ ಮೂಲವ್ಯವಸ್ಥೆಯನ್ನೇ ಮಾರ್ಪಡಿಸಬಲ್ಲನು. ಈ ಅಧಿಕಾರವು ಒಡೆಯನಲ್ಲಿಯೇ ನಿಲ್ಲದೆ, ಅವನು ನಡೆಸುವ ತಂತ್ರಾಂಶಗಳಿಗೂ ಸಲ್ಲುವುದೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಆದುದರಿಂದ ಅವನು ಅರಿಯದೆ ತೆರೆದ ದುಷ್ಟ ತಂತ್ರಾಂಶವೂ ಅವನಷ್ಟೇ ಪ್ರಬಲವಾಗುವುದು.

ಪ್ರತಿಯೊಂದು ತಂತ್ರಾಂಶಕ್ಕೂ ಅದರ ಕಾರ್ಯಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕೆಂಬ ತತ್ತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿಯೇ ಪ್ರತಿಪಾದಿಸಿದ್ದರು. ಹೀಗಿದ್ದರೂ 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯನ್ನು ಮನೆಯ ಯಂತ್ರಗಳಲ್ಲಿ ಸ್ಥಾಪಿಸುವಾಗ ಏರ್ಪಡುತ್ತಿದ್ದ ಖಾತೆಗಳು ಆಡಳಿತಾಧಿಕಾರವುಳ್ಳವಾಗಿದ್ದುವು. ಅವುಗಳಿಗೆ ಗುಪ್ತಪದವೂ ಇರುತ್ತಿರಲಿಲ್ಲ. 2007ರಲ್ಲಿ ಜನರ ಕೈಸೇರಿದ ವಿಸ್ಟಾದಲ್ಲಿ, ಅಂತಹ ಖಾತೆಯ ತಂತ್ರಾಂಶಗಳೂ ಸಾಮಾನ್ಯಾಧಿಕಾರದಿಂದಲೇ ನಡೆದು, ಹೆಚ್ಚಿನದು ಬೇಕಾದಾಗ ಒಡೆಯನ ಒಪ್ಪಿಗೆಯನ್ನು ಕೇಳುವ ಕ್ರಮವು ಬಂದಿತು. ಆದರೆ ಪದೇ ಪದೇ ಬರುವ ಪ್ರಶ್ನೆಗೆ ಓದದೆಯೇ ಒಪ್ಪುವ ಅಭ್ಯಾಸವು ಬೆಳೆದರೆ ಈ ರಕ್ಷಣೆಯು ವ್ಯರ್ಥವಾಗುವುದು.

ಸಾಮಾನ್ಯ ಖಾತೆಯಲ್ಲಿ ಹಾನಿಯೇ ಸಂಭವಿಸದೆಂದಲ್ಲ; ಅಲ್ಲಿಯೂ ಒಡೆಯನ ಕಡತಗಳು ನಾಶವಾಗಬಹುದು. ಆದರೆ ಆ ಹಾನಿಯು ಬಹುಮಟ್ಟಿಗೆ ಆ ಖಾತೆಯೊಳಗೇ ಉಳಿಯುವುದು. ಆದಕಾರಣ ನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನೂ, ಯಂತ್ರವನ್ನು ಮಾರ್ಪಡಿಸುವ ಕಾಲಕ್ಕೆ ಮಾತ್ರ ಗುಪ್ತಪದವುಳ್ಳ ಬೇರೊಂದು ಖಾತೆಯನ್ನೂ ಬಳಸುವುದು ಯುಕ್ತವು.